ಫೇಕರ್‌ನ ಮೊದಲ ಕಿಲ್ ಆಗಿದ್ದವನು

ಆ ಕ್ಲಿಪ್ ನೀವೂ ನೋಡಿಯೇ ಇರುತ್ತೀರಿ. 2013ರ ಏಪ್ರಿಲ್ 6, ಐದೈದು ಜನರ ಎರಡು ತಂಡಗಳು ಆಡುವ ಲೀಗ್ ಆಫ್ ಲೆಜೆಂಡ್ಸ್ ಅನ್ನುವ ಕಂಪ್ಯೂಟರ್ ಆಟದ, ಕೊರಿಯಾದ ಚಾಂಪಿಯನ್ಸ್ ಟೂರ್ನಿ. ದೊಡ್ಡ ವೇದಿಕೆಯಲ್ಲಿ ಅವತ್ತೇ ಮೊದಲ ಸಲ ಕೂತಿದ್ದ 16 ವರ್ಷದ ಹುಡುಗನೊಬ್ಬ ನಿಡಾಲಿ ಅನ್ನುವ ಪಾತ್ರ ಆಡುತ್ತಾ, ಮ್ಯಾಪಿನ ನಡುದಾರಿಯಾದ ಮಿಡ್ ಲೇನಿನಲ್ಲಿ ಎದುರಾಳಿಯ ಪಾತ್ರವಾದ ಖಾಜಿಕ್ಸ್‌ನನ್ನು ಯಾರ ಸಹಾಯವೂ ಇಲ್ಲದೆ ಹೊಡೆದು ಬೀಳಿಸುತ್ತಾನೆ. ಆ ಹುಡುಗ ಫೇಕರ್. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಅವನಿಗಿಂತ ದೊಡ್ಡ ಹೆಸರು ಇನ್ನೂ ಬಂದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ನಡೆಯುವ ವಿಶ್ವ ಚಾಂಪಿಯನ್‌ಶಿಪ್ ಆದ ವರ್ಲ್ಡ್ಸ್ ಹತ್ತಿರ ಬಂದಾಗ, ಅವನು ಇನ್ನೊಂದು ಕಪ್ ಗೆದ್ದಾಗ, ಅವನ ಹುಟ್ಟುಹಬ್ಬದ ದಿನ, ಈ ಕ್ಲಿಪ್ ಮತ್ತೆ ನನ್ನ ಫೋನಿಗೆ ಬರುತ್ತದೆ. ಬಂದಾಗಲೆಲ್ಲ ನನ್ನ ಕಣ್ಣು ಹೋಗುವುದು ಸಾಯುವ ಖಾಜಿಕ್ಸ್ ಕಡೆಗೆ. ಅದನ್ನು ಆಡುತ್ತಿದ್ದವನು ಆಂಬಿಷನ್. ನಿಜವಾದ ಹೆಸರು ಕಾಂಗ್ ಚಾನ್‌ಯೊಂಗ್. ಆ ಹೊತ್ತಿಗೆ ಅವನು ಕೊರಿಯಾದ ಒಳ್ಳೆಯ ಮಿಡ್ ಆಟಗಾರರಲ್ಲಿ ಒಬ್ಬ. ಅವನನ್ನು ಕೊಂದಿದ್ದಕ್ಕೇ ಆ ಕಿಲ್‌ಗೆ ಅಷ್ಟು ಬೆಲೆ ಬಂತು. ಈಗ ಕ್ಲಿಪ್ ನೋಡುವ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ. ಅವರ ಪಾಲಿಗೆ ಅವನು ಫೇಕರ್ ಕತೆಯ ಮೊದಲ ಪುಟದಲ್ಲಿ ಸಾಯುವ ಒಂದು ಪಾತ್ರ, ಅಷ್ಟೇ.

ನನ್ನನ್ನು ಕಾಡುವ ವಿಷಯ ಅದು. ಆ ಕಿಲ್ ಆಗಿ ನಾಲ್ಕೂವರೆ ವರ್ಷದ ಮೇಲೆ, ಇದೇ ಆಂಬಿಷನ್ ಬೀಜಿಂಗ್‌ನಲ್ಲಿ ಇದೇ ಫೇಕರ್ ತಂಡವನ್ನು 3-0ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದ. ಅದೂ ಬೇರೆ ಸ್ಥಾನದಲ್ಲಿ ಆಡಿ, ತಂಡದ ಕ್ಯಾಪ್ಟನ್ ಆಗಿ. 2018ರ ಸೀಸನ್ ಮುಗಿದ ಮೇಲೆ ಆಟ ಬಿಟ್ಟ, ಸ್ಟ್ರೀಮಿಂಗ್ ಶುರು ಮಾಡಿದ. ಆದರೂ ಒಳ್ಳೆಯ ಜಂಗ್ಲರ್‌ಗಳು, ಅಂದರೆ ಲೇನ್‌ಗಳ ನಡುವಿನ ಕಾಡಿನಲ್ಲಿ ಸುತ್ತುತ್ತಾ ಆಡುವವರು, ಯಾರು ಅಂತ ಮಾತು ಬಂದಾಗ ಅವನ ಹೆಸರು ಕೊನೆಗೆ ಬರುತ್ತದೆ, ಇಲ್ಲಾ ಬರುವುದೇ ಇಲ್ಲ. ಬಂದರೂ ಒಂದು ಜಗಳದ ಜೊತೆಗೇ ಬರುತ್ತದೆ. ಅವನ ಆಟ ಇಷ್ಟವಾದವರಿಗೆ ತುಂಬಾ ಇಷ್ಟ. ಇಷ್ಟವಾಗದವರಿಗೆ ಅದನ್ನು ನೋಡುವುದೇ ಹಿಂಸೆ. ಮಧ್ಯದಲ್ಲಿ ನಿಂತವರನ್ನು ನಾನು ನೋಡಿದ್ದು ಕಡಿಮೆ. ಈ ಜಗಳದಲ್ಲಿ ನಾನು ಎಲ್ಲಿದ್ದೇನೆ ಅಂತ ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬಹುದು. ಆದರೆ ಆ ಕಡೆಯವರು ಹೇಳುವುದರಲ್ಲೂ ನಿಜವಿದೆ. ಎರಡನ್ನೂ ಇಟ್ಟುಕೊಂಡು ಯೋಚಿಸಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮಿಡ್ ಬಿಟ್ಟು ಜಂಗಲ್‌ಗೆ

ಮಿಡ್ ಆಡುತ್ತಿದ್ದ ಬ್ಲೇಜ್ ತಂಡದ ದಿನಗಳಿಂದಲೇ ಅವನ ಗುಣ ಒಂದೇ. ಲೇನಿನಲ್ಲಿ ಅಲೆಅಲೆಯಾಗಿ ಬರುವ ಚಿಕ್ಕ ಸೈನಿಕರಾದ ಮಿನಿಯನ್‌ಗಳನ್ನು ಬಿಡುತ್ತಿರಲಿಲ್ಲ. ಒಂದೊಂದನ್ನೂ ಲೆಕ್ಕ ಇಟ್ಟು ಹೊಡೆದು, ಚಿನ್ನ ಕೂಡಿಸಿ, ಇಪ್ಪತ್ತು-ಮೂವತ್ತು ನಿಮಿಷದ ಹೊತ್ತಿಗೆ ದೊಡ್ಡವನಾಗಿ ಬಂದು ನಿಲ್ಲುವುದು ಅವನ ರೀತಿ. ಆ ತಂಡಕ್ಕೇ ಆ ಚಟ ಇತ್ತು ಅನ್ನಬಹುದು. ಎದುರಾಳಿಗಿಂತ ನೂರು ಮಿನಿಯನ್ ಮುಂದೆ ಹೋಗುವುದಕ್ಕೆ ಜನ ಇವತ್ತಿಗೂ ಫ್ಲೇಮ್ ಹೊರೈಜನ್ ಅನ್ನುತ್ತಾರಲ್ಲ, ಆ ಫ್ಲೇಮ್ ಆಂಬಿಷನ್ ಜೊತೆ ಬ್ಲೇಜ್‌ನಲ್ಲಿ ಟಾಪ್ (ಮೇಲಿನ ಲೇನ್) ಆಡುತ್ತಿದ್ದವನು. 2012ರಲ್ಲಿ ನಡೆದ ಮೊದಲ ಚಾಂಪಿಯನ್ಸ್ ಟೂರ್ನಿಯನ್ನು ಬ್ಲೇಜ್ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಅವರದೇ ಸಂಸ್ಥೆಯ ಇನ್ನೊಂದು ತಂಡವಾದ ಫ್ರಾಸ್ಟ್, 3-0. ಆದರೆ ಆ ವರ್ಷ ವರ್ಲ್ಡ್ಸ್‌ಗೆ ಹೋಗಿದ್ದು ಫ್ರಾಸ್ಟ್. ಬ್ಲೇಜ್ ಮನೆಯಲ್ಲೇ ಉಳಿಯಿತು. 2013ರ ವಸಂತದ ಟೂರ್ನಿಯಲ್ಲಿ ಬ್ಲೇಜ್ ಮತ್ತೆ ಫೈನಲ್ ತಲುಪಿತು. ಗೆಲ್ಲುವವರು ಇವರೇ ಅಂತ ಎಲ್ಲರೂ ಅಂದುಕೊಂಡಿದ್ದರು. ಎಂವಿಪಿ ಓಜೋನ್ 3-0ರಿಂದ ಸೋಲಿಸಿ ಕಳಿಸಿತು. ಅದೇ ಓಜೋನ್ ಮುಂದೆ ಸ್ಯಾಮ್‌ಸಂಗ್ ತಂಡವಾಗಿ, 2014ರಲ್ಲಿ ಸ್ಯಾಮ್‌ಸಂಗ್ ವೈಟ್ ಹೆಸರಿನಲ್ಲಿ ವರ್ಲ್ಡ್ಸ್ ಗೆದ್ದಿತು. ಆಂಬಿಷನ್ ಆ ಸಂಸ್ಥೆಗೆ ಬರುವ ಹೊತ್ತಿಗೆ ಆ ಚಾಂಪಿಯನ್‌ಗಳಲ್ಲಿ ಒಬ್ಬನೂ ಅಲ್ಲಿರಲಿಲ್ಲ. ಎಲ್ಲರೂ ಚೀನಾದ ತಂಡಗಳಿಗೆ ಹೋಗಿಬಿಟ್ಟಿದ್ದರು.

ಅದಕ್ಕೂ ಮುಂಚೆ ಒಂದು ದೊಡ್ಡ ತಿರುವು ಇದೆ. ಒಂದು ಸಂಸ್ಥೆಗೆ ಒಂದೇ ತಂಡ ಅನ್ನುವ ನಿಯಮ ಬಂದು, 2015ಕ್ಕೆ ಬ್ಲೇಜ್ ಮತ್ತು ಫ್ರಾಸ್ಟ್ ಸೇರಿ ಸಿಜೆ ಎಂಟಸ್ ಒಂದೇ ತಂಡವಾಯಿತು. ಮಿಡ್‌ಗೆ ಕೋಕೋ ಬಂದ. ಆಂಬಿಷನ್ ಜಂಗಲ್‌ಗೆ ಹೋದ. ಇದು ಎಷ್ಟು ಕಷ್ಟ ಅಂತ ಆಡುವವರಿಗೆ ಗೊತ್ತು. ಲೇನಿನಲ್ಲಿ ನಿಮ್ಮ ಎದುರಾಳಿ ಕಣ್ಣೆದುರೇ ಇರುತ್ತಾನೆ. ಜಂಗಲ್‌ನಲ್ಲಿ ನಿಮ್ಮ ಎದುರಾಳಿ ಎಲ್ಲಿದ್ದಾನೆ ಅನ್ನುವುದೇ ಅರ್ಧ ಆಟ. ವರ್ಷಗಟ್ಟಲೆ ಒಂದು ಲೇನಿನಲ್ಲಿ ನಿಂತು ಬೆಳೆದ ಕೈ ಮತ್ತು ಕಣ್ಣು, ಇಡೀ ಮ್ಯಾಪ್ ಸುತ್ತುವ ಕೆಲಸಕ್ಕೆ ಹೊಂದಿಕೊಳ್ಳಬೇಕು. ಆ ಮೊದಲ ಸೀಸನ್ನಿನಲ್ಲೇ ಸಿಜೆ ಸೆಮಿಫೈನಲ್‌ನಲ್ಲಿ ಫೇಕರ್‌ನ ತಂಡವಾದ ಎಸ್‌ಕೆಟಿ ವಿರುದ್ಧ 2-0 ಮುಂದಿತ್ತು. ಆಮೇಲೆ ಮೂರೂ ಆಟ ಸೋತಿತು. ಅಲ್ಲಿಗೆ ಕತೆ ಮುಗಿದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಮೂರು ವರ್ಷ ದೊಡ್ಡ ಹೆಸರು, ಒಂದೂ ವರ್ಲ್ಡ್ಸ್ ಇಲ್ಲ, ಕೊನೆಗೆ ಸ್ಥಾನ ಬದಲಾವಣೆ, ಆಮೇಲೆ ನಿವೃತ್ತಿ. ಹಾಗೆ ಹೋದವರು ಬೇಕಾದಷ್ಟು ಜನ ಇದ್ದಾರೆ.

ಅವನು 2016ಕ್ಕೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಸೇರಿದ. ಹೊಸ ಹುಡುಗರ ತಂಡ. ಟಾಪ್‌ನಲ್ಲಿ ಕ್ಯೂವಿ, ಮಿಡ್‌ನಲ್ಲಿ ಕ್ರೌನ್, ಬಾಟಮ್‌ನಲ್ಲಿ ಅದೇ ವರ್ಷ ಬಂದ ರೂಲರ್. ಆಗ ಕೆಟಿ ರೋಲ್ಸ್ಟರ್ ವಿರುದ್ಧ ಸ್ಯಾಮ್‌ಸಂಗ್ ಸತತ 19 ಆಟ ಸೋತಿತ್ತು. ಬೇಸಿಗೆ ಪ್ಲೇಆಫ್‌ನಲ್ಲೂ ಅದೇ ಕೆಟಿ ಕೈಯಲ್ಲಿ 0-3. ಕೆಲವೇ ವಾರಗಳ ನಂತರ ವರ್ಲ್ಡ್ಸ್‌ಗೆ ಉಳಿದಿದ್ದ ಕೊನೆಯ ಜಾಗಕ್ಕೆ ಮತ್ತೆ ಅದೇ ಕೆಟಿ ಎದುರಾಯಿತು. ಸ್ಯಾಮ್‌ಸಂಗ್ 3-2ರಿಂದ ಗೆದ್ದಿತು. ಇಷ್ಟು ವರ್ಷ ಆಡಿದ ಮೇಲೆ ಆಂಬಿಷನ್‌ಗೆ ಅದು ಮೊದಲ ವರ್ಲ್ಡ್ಸ್.

71 ನಿಮಿಷ

ನಾನು ಅವನ ಕಡೆ ವಾಲಿದ್ದು ಆ ವರ್ಲ್ಡ್ಸ್‌ನ ಫೈನಲ್‌ನಲ್ಲಿ. 2016ರ ಅಕ್ಟೋಬರ್ 29, ಲಾಸ್ ಏಂಜಲೀಸ್‌ನ ಸ್ಟೇಪಲ್ಸ್ ಸೆಂಟರ್. ನಮ್ಮ ಕಡೆ ಅದು ಮಾರನೇ ದಿನದ ಬೆಳಗಿನ ಜಾವ. ನಾನು ಮತ್ತು ನನ್ನ ತಮ್ಮ ಒಂದೇ ಲ್ಯಾಪ್‌ಟಾಪ್ ಎದುರು ಕೂತಿದ್ದೆವು. ಅವನು ಫೇಕರ್ ಭಕ್ತ. ನಾನು ಜಂಗಲ್ ಆಡುವವಳು, ಹಾಗಾಗಿ ಎರಡೂ ಕಡೆಯ ಜಂಗ್ಲರ್‌ಗಳನ್ನು ನೋಡುವುದು ನನ್ನ ಅಭ್ಯಾಸ. ಎಸ್‌ಕೆಟಿ ಮೊದಲ ಎರಡು ಆಟ ಗೆದ್ದುಕೊಂಡಿತು. ಮೂರನೆಯದರಲ್ಲೂ ಹೆಚ್ಚಿನ ಹೊತ್ತು ಅವರದೇ ಕೈ ಮೇಲಾಗಿತ್ತು. "ಅಕ್ಕಾ, ಮುಗೀತು ಬಿಡು, ಮಲಗೋಣ" ಅಂತ ತಮ್ಮ ಎದ್ದು ನಿಂತ. ಎದ್ದವನು ನಿಂತೇ ನೋಡುತ್ತಾ ಉಳಿದ. ಯಾಕೆಂದರೆ ಆಟ ಮುಗಿಯುತ್ತಲೇ ಇಲ್ಲ. ನಲವತ್ತು ನಿಮಿಷ ಆಯಿತು. ಐವತ್ತು ಆಯಿತು. ಎಸ್‌ಕೆಟಿ ಒಳಗೆ ನುಗ್ಗಲು ನೋಡುತ್ತದೆ, ಸ್ಯಾಮ್‌ಸಂಗ್ ಬಿಡುವುದಿಲ್ಲ. ಅಷ್ಟು ಹೊತ್ತಿನ ಆಟದಲ್ಲಿ ಒಬ್ಬ ಸತ್ತರೆ ಅವನು ವಾಪಸ್ ಬರುವುದರೊಳಗೆ ಆಟವೇ ಮುಗಿದುಹೋಗಬಹುದು. ಹಾಗಾಗಿ ಹತ್ತೂ ಜನ ಉಸಿರು ಹಿಡಿದು ಆಡುತ್ತಿದ್ದರು. ತಪ್ಪು ಮಾಡುವ ತಂಡ ಸೋಲುತ್ತದೆ ಅನ್ನುವ ಸ್ಥಿತಿ.

ಆ ಸ್ಥಿತಿಯಲ್ಲಿ ಆಂಬಿಷನ್ ಆರಾಮಾಗಿದ್ದ. ಬೇರೆ ಪದ ನನಗೆ ಸಿಗುತ್ತಿಲ್ಲ. ಅವನು ದೊಡ್ಡದೇನೂ ಮಾಡುತ್ತಿರಲಿಲ್ಲ. ಒಂದು ಪೊದೆಯಲ್ಲಿ ವಾರ್ಡ್, ಅಂದರೆ ಸುತ್ತಲಿನ ಕತ್ತಲ ಜಾಗವನ್ನು ತಂಡಕ್ಕೆ ತೋರಿಸುವ ಕಾವಲು ಕಣ್ಣು, ಇಡುವುದು. ಎದುರಾಳಿ ಇಟ್ಟ ವಾರ್ಡ್ ಒಡೆಯುವುದು. ಕೊಂದ ತಂಡಕ್ಕೆ ಬಲ ಕೊಡುವ ಬ್ಯಾರನ್ ಅನ್ನುವ ದೈತ್ಯ ಮೃಗದ ಕಡೆ ಹೋಗುವಂತೆ ತೋರಿಸಿ ಹಿಂದೆ ಬರುವುದು. ಸ್ವಲ್ಪ ಹೊತ್ತು ಕಳೆದು ಮತ್ತೆ ಅದೇ ಪೊದೆ. 71 ನಿಮಿಷಕ್ಕೆ ಆಟ ಮುಗಿದಾಗ ಗೆದ್ದದ್ದು ಸ್ಯಾಮ್‌ಸಂಗ್. ವರ್ಲ್ಡ್ಸ್‌ನ ಅತಿ ಉದ್ದದ ಆಟಗಳಲ್ಲಿ ಅದೂ ಒಂದು. ನಾಲ್ಕನೆಯ ಆಟವನ್ನೂ ಗೆದ್ದರು. ಐದನೆಯದು ಎಸ್‌ಕೆಟಿಗೆ ಹೋಯಿತು, ಕಪ್ ಕೂಡ. ತಮ್ಮ ಖುಷಿಯಾಗಿ ಮಲಗಲು ಹೋದ. ನಾನು ಮೂರನೇ ಆಟವನ್ನು ಮತ್ತೆ ಹಾಕಿಕೊಂಡು ಕೂತೆ. ಈ ಸಲ ಹೋರಾಟಗಳನ್ನು ನೋಡಲಿಲ್ಲ. ಮೂಲೆಯಲ್ಲಿರುವ ಮಿನಿಮ್ಯಾಪ್ ಮಾತ್ರ ನೋಡಿದೆ. ಸ್ಯಾಮ್‌ಸಂಗ್ ಹಿಂದಿರುವಾಗಲೂ ಅವರಿಗೆ ಬೇಕಾದ ಜಾಗದಲ್ಲಿ ಬೆಳಕು ಇತ್ತು. ಎಸ್‌ಕೆಟಿ ಮುಂದಿದ್ದರೂ ತಮಗೆ ಬೇಕಾದ ಜಾಗಕ್ಕೆ ಕುರುಡಾಗಿ ಕಾಲಿಡಬೇಕಿತ್ತು. ಕತ್ತಲಿಗೆ ಕಾಲಿಡಲು ದೊಡ್ಡ ತಂಡಗಳೂ ಹಿಂಜರಿಯುತ್ತವೆ. ಆ ಹಿಂಜರಿಕೆಯ ಒಂದೊಂದು ಸೆಕೆಂಡೂ ಸೇರಿ ಆಟ 71 ನಿಮಿಷ ಬೆಳೆದಿತ್ತು.

ಬೋರಿಂಗ್ ಅನ್ನುವ ದೂರು

ತಮ್ಮನ ವಾದ ಸರಳ. "ಅವನ ಆಟ ನೋಡಿದ್ರೆ ನಿದ್ದೆ ಬರುತ್ತೆ ಅಕ್ಕಾ. ಗ್ಯಾಂಕ್ ಮಾಡಲ್ಲ, ಏನಿಲ್ಲ. ಲೇನ್‌ನವರು ಸಾಯ್ತಾ ಇದ್ರೂ ಇವನು ಕ್ಯಾಂಪ್ ಹೊಡೀತಾ ಇರ್ತಾನೆ." ಗ್ಯಾಂಕ್ ಅಂದರೆ ಜಂಗ್ಲರ್ ಒಂದು ಲೇನ್‌ಗೆ ದಿಢೀರನೆ ಬಂದು ಎದುರಾಳಿಯ ಮೇಲೆ ಬೀಳುವುದು, ಕ್ಯಾಂಪ್ ಅಂದರೆ ಚಿನ್ನಕ್ಕಾಗಿ ಅವನು ಹೊಡೆಯುವ ಕಾಡುಮೃಗಗಳ ಗುಂಪು. ತಮ್ಮನ ಈ ಮಾತನ್ನು ನಾನು ಬೇರೆಯವರಿಂದಲೂ ಕೇಳಿದ್ದೇನೆ. ನಾವು ಐದು ಜನ ಸೇರಿ ಆಡುವಾಗ ನಾನು ಆಂಬಿಷನ್ ಥರ ಆಡಲು ಹೋಗಿ ಇದೇ ಬೈಗುಳ ತಿಂದಿದ್ದೇನೆ. ಟಾಪ್ ಲೇನ್‌ನಲ್ಲಿ ತಮ್ಮ ಎರಡು ಸಲ ಸತ್ತರೆ ತಪ್ಪು ಯಾವಾಗಲೂ ಜಂಗ್ಲರ್‌ದೇ. ಚಾಟ್‌ನಲ್ಲಿ ಎದುರು ತಂಡದವನು "ಜಂಗಲ್ ಡಿಫ್", ಅಂದರೆ ನಿಮ್ಮ ಜಂಗ್ಲರ್‌ಗಿಂತ ನಮ್ಮವನೇ ಮೇಲು, ಅಂತ ಬರೆದುಬಿಟ್ಟರಂತೂ ಮುಗೀತು. ಜಂಗಲ್ ಆಡುವವರ ಪಾಡು ಎಲ್ಲ ಮಟ್ಟದಲ್ಲೂ ಇದೇ. ಲೇನ್‌ನವನಿಗೆ ತನ್ನ ಲೇನ್ ಮಾತ್ರ ಕಾಣುತ್ತದೆ. ಅವನಿಗೆ ಬೇಕಾಗಿದ್ದಾಗ ನೀವು ಬರಲಿಲ್ಲ ಅನ್ನುವುದು ಅವನ ಲೆಕ್ಕ. ಆ ಹೊತ್ತಿಗೆ ನೀವು ಮ್ಯಾಪಿನ ಇನ್ನೊಂದು ತುದಿಯಲ್ಲಿ ಏನು ಉಳಿಸಿದಿರಿ ಅನ್ನುವುದು ಅವನ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಗ್ಯಾಂಕ್‌ಗೆ ಏನು ಬೆಲೆ ಅಂತ ಸ್ವಲ್ಪ ಯೋಚಿಸಿ. ಜಂಗ್ಲರ್ ತನ್ನ ಕ್ಯಾಂಪ್‌ಗಳನ್ನು ಬಿಟ್ಟು ಲೇನ್ ಹತ್ತಿರ ಕಾಯಬೇಕು. ಕಾಯುವಷ್ಟು ಹೊತ್ತು ಚಿನ್ನವೂ ಇಲ್ಲ, ಅನುಭವವೂ ಇಲ್ಲ. ಎದುರಾಳಿ ಫ್ಲ್ಯಾಶ್ (ಕ್ಷಣದಲ್ಲಿ ಸ್ವಲ್ಪ ದೂರ ಜಿಗಿಯುವ ಮಂತ್ರ) ಹೊಡೆದು ತಪ್ಪಿಸಿಕೊಂಡರೆ ಕೈಗೆ ಬರುವುದು ಅಷ್ಟೇ. ಅದಕ್ಕಿಂತ ಕೆಟ್ಟದ್ದು, ನೀವು ಎಲ್ಲಿದ್ದೀರಿ ಅಂತ ಎದುರು ತಂಡಕ್ಕೆ ಗೊತ್ತಾಗುತ್ತದೆ. ನೀವು ಟಾಪ್‌ನಲ್ಲಿ ಕಾಣಿಸಿಕೊಂಡ ಕ್ಷಣವೇ ಅವರ ಜಂಗ್ಲರ್ ಬಾಟಮ್ ಕಡೆ ತಂಡಕ್ಕೆ ಬಲ ಕೊಡುವ ಡ್ರ್ಯಾಗನ್ ಹೊಡೆಯಲು ಶುರು ಮಾಡುತ್ತಾನೆ. ಗ್ಯಾಂಕ್ ಗೆದ್ದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಸೋತ ಗ್ಯಾಂಕ್‌ನ ಬೆಲೆಯನ್ನು ತಂಡ ಮುಂದಿನ ಐದು ನಿಮಿಷ ಕಂತಿನಲ್ಲಿ ಕಟ್ಟುತ್ತದೆ, ಅದು ಯಾರಿಗೂ ಕಾಣುವುದಿಲ್ಲ. ಆಂಬಿಷನ್ ಈ ಲೆಕ್ಕವನ್ನು ಬೇರೆಯವರಿಗಿಂತ ಜಿಪುಣನಾಗಿ ಮಾಡುತ್ತಿದ್ದ. ಖಾತ್ರಿ ಇಲ್ಲದ ಕಡೆ ಕಾಲಿಡುತ್ತಿರಲಿಲ್ಲ. ಎದುರು ಜಂಗ್ಲರ್ ಒಂದು ಕಡೆ ಕಾಣಿಸಿದರೆ ಇವನು ಇನ್ನೊಂದು ಕಡೆ ಸಿಗುವುದನ್ನು ತಗೊಂಡು ಮುಂದೆ ಹೋಗುತ್ತಿದ್ದ. ತನ್ನ ಲೇನ್ ಇಪ್ಪತ್ತು ಮಿನಿಯನ್ ಹಿಂದಿದ್ದರೆ ಇರಲಿ, ಸಾಯದಿದ್ದರೆ ಸಾಕು ಅನ್ನುವುದು ಆ ತಂಡದ ನಿಲುವು.

ನನಗೆ ಅನ್ನಿಸುವುದು, ಇದು ಅವನು ಮಿಡ್‌ನಿಂದ ತಂದದ್ದು. ವರ್ಷಗಟ್ಟಲೆ ಮಿಡ್‌ನಲ್ಲಿ ನಿಂತು, ಎದುರು ಜಂಗ್ಲರ್ ಎಲ್ಲಿಂದ ಬರುತ್ತಾನೋ ಅಂತ ಕಾದವನು ಅವನು. ಲೇನ್‌ನವನಿಗೆ ಯಾವಾಗ ಭಯವಾಗುತ್ತದೆ, ಯಾವಾಗ ಲೇನ್ ಬಿಟ್ಟು ಸಹಾಯಕ್ಕೆ ಬರಬಲ್ಲ, ಯಾವಾಗ ಬಂದರೆ ಮಿನಿಯನ್ ಅಲೆ ಪೂರ್ತಿ ಕಳೆದುಕೊಳ್ಳುತ್ತಾನೆ, ಇವೆಲ್ಲ ಅವನಿಗೆ ಮೈಯಲ್ಲೇ ಇತ್ತು. ಹಾಗಾಗಿ ಅವನು ಮ್ಯಾಪಿನ ನಡುವೆ ಹರಿಯುವ ನದಿಗೆ ಇಳಿಯುವ ಮೊದಲು ಮಿಡ್ ಲೇನ್ ಮುಂದೆ ತಳ್ಳಿದೆಯಾ ಅಂತ ನೋಡುತ್ತಿದ್ದ. ತಳ್ಳಿಲ್ಲದಿದ್ದರೆ ಇಳಿಯುತ್ತಿರಲಿಲ್ಲ. ಇದನ್ನು ಹೆದರಿಕೆ ಅಂತ ಕರೆಯುವವರಿದ್ದಾರೆ. ಹೆದರುವವನು 71 ನಿಮಿಷ ವರ್ಲ್ಡ್ಸ್ ಫೈನಲ್‌ನಲ್ಲಿ ಹಿಂದೆ ಇದ್ದುಕೊಂಡು ಕೈ ನಡುಗದೆ ಆಡಲಾರ.

ಟೆಸ್ಟ್ ಕ್ರಿಕೆಟ್‌ನಲ್ಲಿ ಆಫ್ ಸ್ಟಂಪ್ ಹೊರಗೆ ಹೋಗುವ ಬಾಲನ್ನು ಬ್ಯಾಟ್ಸ್‌ಮನ್ ಸುಮ್ನೆ ಬಿಡುತ್ತಾನಲ್ಲ, ಸ್ಕೋರ್‌ಕಾರ್ಡ್‌ನಲ್ಲಿ ಅದು ಬರೀ ಒಂದು ಚುಕ್ಕೆ. ಆಂಬಿಷನ್‌ನ ಒಳ್ಳೆಯ ಕೆಲಸವೆಲ್ಲ ಹೀಗೆ ಚುಕ್ಕೆಗಳಾಗಿ ಹೋಯಿತು. ಆಟ ಮುಗಿದ ಮೇಲೆ ಪರದೆಯ ಮೇಲೆ ಬರುವುದು ಕಿಲ್, ಡೆತ್, ಅಸಿಸ್ಟ್, ಡ್ಯಾಮೇಜ್. ಎದುರು ತಂಡ ಮಾಡಬೇಕೆಂದಿದ್ದ ಆದರೆ ಮಾಡಲಾಗದ ಗ್ಯಾಂಕ್‌ಗೆ ಅಲ್ಲಿ ಜಾಗವಿಲ್ಲ. 75 ಚಿನ್ನ ಕೊಟ್ಟು ಇಟ್ಟ ಒಂದು ಕಂಟ್ರೋಲ್ ವಾರ್ಡ್‌ನಿಂದ ಎದುರಾಳಿ ಜಂಗ್ಲರ್ ಹಿಂದೆ ತಿರುಗಿ ಹೋದದ್ದು ಯಾವ ಹೈಲೈಟ್‌ನಲ್ಲೂ ಸಿಗುವುದಿಲ್ಲ. ಪ್ರಸಾರದ ಕ್ಯಾಮೆರಾ ಕೂಡ ಹಾಗೇ. ಎಲ್ಲಿ ಹೊಡೆದಾಟವೋ ಅಲ್ಲಿಗೆ ಓಡುತ್ತದೆ. ಹೊಡೆದಾಟ ಆಗದಂತೆ ನೋಡಿಕೊಳ್ಳುವವನು ಪರದೆಯ ಹೊರಗೇ ಇರುತ್ತಾನೆ. ಪೀನಟ್‌ನಂಥ ಜಂಗ್ಲರ್ ನುಗ್ಗಿ ಹೋದಾಗ ಕೂತಲ್ಲೇ ಎದ್ದು ನಿಲ್ಲುವಂತಾಗುತ್ತದೆ. ನನಗೂ ಆಗುತ್ತದೆ, ಆ ಆಟ ನನಗೂ ಇಷ್ಟ. ಆದರೆ ಎದ್ದು ನಿಲ್ಲಿಸುವುದೊಂದೇ ಒಳ್ಳೆಯ ಆಟದ ಅಳತೆ ಆಗಿಬಿಟ್ಟರೆ ಆಂಬಿಷನ್‌ನಂಥವರಿಗೆ ಯಾವತ್ತೂ ನ್ಯಾಯ ಸಿಗುವುದಿಲ್ಲ.

ಬೀಜಿಂಗ್

2017ರ ವರ್ಲ್ಡ್ಸ್ ಚೀನಾದಲ್ಲಿ ನಡೆಯಿತು. ಗುಂಪಿನ ಹಂತದಲ್ಲಿ ಸ್ಯಾಮ್‌ಸಂಗ್ ಚೆನ್ನಾಗಿ ಆಡಲಿಲ್ಲ. ಚೀನಾದ ಆರ್‌ಎನ್‌ಜಿ ತಂಡದ ಎದುರು ಎರಡೂ ಪಂದ್ಯ ಸೋತು, ಎರಡನೇ ಸ್ಥಾನದಲ್ಲಿ ಹೇಗೋ ಮುಂದೆ ಬಂದರು. ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದದ್ದು ಲಾಂಗ್‌ಜೂ ಗೇಮಿಂಗ್. ಆ ಬೇಸಿಗೆಯಲ್ಲಿ ಕೊರಿಯಾದ ಲೀಗ್ ಗೆದ್ದ ತಂಡ. ಖಾನ್, ಬಿಡಿಡಿ, ಪ್ರೇ, ಗೊರಿಲ್ಲಾ, ಜೊತೆಗೆ ಜಂಗಲ್‌ನಲ್ಲಿ ಹೊಸ ಹುಡುಗ ಕಜ್. ಸ್ಯಾಮ್‌ಸಂಗ್ ಗೆಲ್ಲುತ್ತದೆ ಅಂದವರು ಬಹಳ ಕಡಿಮೆ. ಸ್ಯಾಮ್‌ಸಂಗ್ 3-0ರಿಂದ ಗೆದ್ದಿತು. ಆ ಸರಣಿಯಲ್ಲಿ ಎರಡೂ ಜಂಗ್ಲರ್‌ಗಳ ನಡುವಿನ ಅಂತರ ಅನುಭವದ್ದು. ಕಜ್ ಎಲ್ಲಿಗೆ ಹೋಗಬೇಕು ಅಂದುಕೊಂಡನೋ ಅಲ್ಲಿಗೆ ಹೋಗುವ ದಾರಿ ಮೊದಲೇ ಮುಚ್ಚಿರುತ್ತಿತ್ತು. ಲಾಂಗ್‌ಜೂ ಲೇನ್‌ಗಳಲ್ಲಿ ಮುಂದೆ ಹೋಗಿ ಆಟವನ್ನು ಬೇಗ ಮುಗಿಸುವ ತಂಡ. ಮುಂದೆ ಹೋಗಲು ಧೈರ್ಯ ಬೇಕು, ಧೈರ್ಯಕ್ಕೆ ಎದುರು ಜಂಗ್ಲರ್ ಎಲ್ಲಿದ್ದಾನೆ ಅನ್ನುವ ಮಾಹಿತಿ ಬೇಕು. ಆ ಮಾಹಿತಿ ಅವರಿಗೆ ಸಿಗಲಿಲ್ಲ. ಶಾಂಘೈನಲ್ಲಿ ಸೆಮಿಫೈನಲ್, ಟೀಮ್ ಡಬ್ಲ್ಯುಇ ಎದುರು 3-1. ಆಮೇಲೆ ನವೆಂಬರ್ 4ರಂದು ಬೀಜಿಂಗ್‌ನ ಬರ್ಡ್ಸ್ ನೆಸ್ಟ್ ಕ್ರೀಡಾಂಗಣ, ಎದುರಿಗೆ ಮತ್ತೆ ಎಸ್‌ಕೆಟಿ.

ಆ ವರ್ಷದ ಆಟದ ಸ್ಥಿತಿ ಅವನಿಗೆ ಒಗ್ಗುವಂತಿತ್ತು, ಅದನ್ನು ಒಪ್ಪಲೇಬೇಕು. ಆರ್ಡೆಂಟ್ ಸೆನ್ಸರ್ ಅನ್ನುವ ಐಟಂ ಇಡೀ ಟೂರ್ನಿಯನ್ನು ಆಳಿತು. ಶೂಟರ್‌ನ ಜೊತೆಗಾರನಾದ ಸಪೋರ್ಟ್ ಅದನ್ನು ಬೇಗ ಕೊಂಡುಬಿಟ್ಟರೆ ಬಾಟಮ್ ಲೇನ್‌ನ ಶೂಟರ್‌ಗೆ ಬಲ ಸಿಗುತ್ತಿತ್ತು. ಹಾಗಾಗಿ ಜಂಗ್ಲರ್‌ಗಳು ಸೆಜುವಾನಿ, ಗ್ರಾಗಸ್, ಜಾರ್ವನ್‌ನಂಥ ಗಟ್ಟಿ ಪಾತ್ರಗಳನ್ನು ಆಡುತ್ತಾ, ಶೂಟರ್ ದೊಡ್ಡವನಾಗುವವರೆಗೆ ಕಾಯುವುದೇ ಸರಿಯಾದ ದಾರಿಯಾಗಿತ್ತು. ಕಾಯುವುದರಲ್ಲಿ ಆಂಬಿಷನ್‌ನನ್ನು ಮೀರಿಸುವವರು ಯಾರು? ಪ್ಯಾಚ್‌ನ (ಕಂಪನಿ ಆಗಾಗ ಆಟದಲ್ಲಿ ಮಾಡುವ ಬದಲಾವಣೆಯ) ಅದೃಷ್ಟದಿಂದ ಗೆದ್ದ ಅನ್ನುವವರು ಇಲ್ಲಿಗೇ ಬಂದು ನಿಲ್ಲುತ್ತಾರೆ. ಆದರೆ ಆ ಪ್ಯಾಚ್ ಎಲ್ಲ ತಂಡಗಳಿಗೂ ಒಂದೇ ಆಗಿತ್ತು. ಅದೇ ಐಟಂ ಎಸ್‌ಕೆಟಿಗೂ ಇತ್ತು, ಲಾಂಗ್‌ಜೂಗೂ ಇತ್ತು. ಆ ಸ್ಥಿತಿಗೆ ಬೇಕಾದ ತಾಳ್ಮೆಯನ್ನು ವರ್ಷಗಟ್ಟಲೆ ಕೂಡಿಸಿಟ್ಟವನು ಇವನು.

ಫೈನಲ್ 3-0. ಕೊನೆಯ ಆಟದಲ್ಲಿ ರೂಲರ್ ವೇರಸ್ ಆಡುತ್ತಾ ಫ್ಲ್ಯಾಶ್ ಹೊಡೆದು ಆ ಪಾತ್ರದ ಅತಿ ಬಲದ ಅಸ್ತ್ರವಾದ ಅಲ್ಟಿಮೇಟ್‌ನಲ್ಲಿ ಫೇಕರ್‌ನನ್ನು ಹಿಡಿದುಹಾಕಿದ. ಅಲ್ಲಿಂದ ಎಲ್ಲ ಮುಗಿಯಿತು. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ರೂಲರ್‌ಗೆ ಹೋಯಿತು, ನ್ಯಾಯವಾಗಿಯೇ ಹೋಯಿತು. ಮುಂದೆ ಕ್ಯಾಮೆರಾ ಏನು ಮಾಡಿತು ಅಂತ ನಿಮಗೆ ನೆನಪಿದೆ ಅಲ್ವಾ? ಫೇಕರ್ ತಲೆ ಬಗ್ಗಿಸಿ ಅಳುತ್ತಿದ್ದ. ಪಕ್ಕದಲ್ಲಿ ನನ್ನ ತಮ್ಮನ ಕಣ್ಣಲ್ಲೂ ನೀರು. ಅವನು ಎದ್ದು ಹೊರಗೆ ಹೋದ. ನಾನು ಕಪ್ ಎತ್ತುವುದನ್ನು ನೋಡಲು ಉಳಿದೆ. ಐದು ವರ್ಷ ವೃತ್ತಿಪರನಾಗಿ ಆಡಿದ ಮೇಲೆ ಸಿಕ್ಕ ಕಪ್ ಅದು. ಫೈನಲ್‌ಗಳಲ್ಲಿ ಸೋತು, ಸ್ಥಾನ ಬದಲಿಸಿ, ತನಗಿಂತ ಎಷ್ಟೋ ಚಿಕ್ಕ ಹುಡುಗರನ್ನು ಕಟ್ಟಿಕೊಂಡು ಗೆದ್ದದ್ದು.

ಈಗ ಆ ದಿನವನ್ನು ಹುಡುಕಿದರೆ ಮೊದಲು ಸಿಗುವುದು ಫೇಕರ್ ಕಣ್ಣೀರು. 2013ರ ಕ್ಲಿಪ್‌ನಲ್ಲಿ ಫೇಕರ್ ಗೆಲ್ಲುತ್ತಾನೆ, 2017ರ ಕ್ಲಿಪ್‌ನಲ್ಲಿ ಫೇಕರ್ ಅಳುತ್ತಾನೆ. ಎರಡರಲ್ಲೂ ಎದುರು ಕೂತವನು ಒಬ್ಬನೇ ಆಟಗಾರ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಫೇಕರ್ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ಅವನಷ್ಟು ದೊಡ್ಡ ಆಟಗಾರನ ಸುತ್ತ ಕತೆ ಕಟ್ಟಿಕೊಳ್ಳುವುದು ಸಹಜ. ಆದರೆ ತನ್ನ ಸೋಲೂ ತನ್ನ ಗೆಲುವೂ ಬೇರೊಬ್ಬನ ಕತೆಯಾಗಿ ಉಳಿದುಹೋಗುವುದು ಒಬ್ಬ ಆಟಗಾರನಿಗೆ ಎಂಥ ಅನ್ಯಾಯ! ಆಂಬಿಷನ್‌ಗೆ ಸಿಗಬೇಕಾದ ಬೆಲೆ ಸಿಗಲಿಲ್ಲ ಅಂತ ನಾನು ಹೇಳುವುದು ಮುಖ್ಯವಾಗಿ ಇದಕ್ಕೆ.

ಹಾರು ಪ್ರಶ್ನೆ

ಆ ಕಡೆಯವರ ಬಲವಾದ ವಾದ ಒಂದಿದೆ. ಅದರ ಹೆಸರು ಹಾರು. 2017ರಲ್ಲಿ ಸ್ಯಾಮ್‌ಸಂಗ್‌ನಲ್ಲಿ ಇಬ್ಬರು ಜಂಗ್ಲರ್‌ಗಳಿದ್ದರು. ಹಾರು ಚಿಕ್ಕವನು, ಚುರುಕು, ಶುರುವಿನಿಂದಲೇ ಕಾಲು ಕೆರೆದು ಜಗಳಕ್ಕೆ ಹೋಗುವವನು. ಲೀಗ್ ಪಂದ್ಯಗಳಲ್ಲಿ ಇಬ್ಬರನ್ನೂ ಬದಲಾಯಿಸಿ ಬದಲಾಯಿಸಿ ಆಡಿಸುತ್ತಿದ್ದರು. ಹಾರು ಆಡಿದಾಗ ಅದೇ ಕ್ಯೂವಿ, ಅದೇ ಕ್ರೌನ್ ಬೇರೆ ಆಟಗಾರರ ಥರ ಕಾಣುತ್ತಿದ್ದರು. ಬೇಗ ಮುಂದೆ ಹೋಗುತ್ತಿದ್ದರು, ಬೇಗ ಮುಗಿಸುತ್ತಿದ್ದರು. ಹಾಗಾದರೆ ಆಂಬಿಷನ್ ತಂಡವನ್ನು ಹಿಡಿದು ನಿಲ್ಲಿಸುತ್ತಿದ್ದನಾ? ತಮ್ಮ ಹೌದು ಅನ್ನುತ್ತಾನೆ. ನನ್ನ ಉತ್ತರ ಅಷ್ಟು ಸಲೀಸಲ್ಲ. ಕೆಲವು ಪಂದ್ಯಗಳಲ್ಲಿ ಖಂಡಿತ ಹಿಡಿದು ನಿಲ್ಲಿಸಿದ್ದ. ಮೊದಲ ಹದಿನೈದು ನಿಮಿಷ ಅವನ ಆಟದ ದುರ್ಬಲ ಭಾಗ. ಎದುರಿನವರು ಚುರುಕಾಗಿದ್ದರೆ ಅವನ ಲೇನ್‌ಗಳು ಆ ಹೊತ್ತಿಗೆ ಎಷ್ಟು ಹಿಂದೆ ಬಿದ್ದಿರುತ್ತಿದ್ದವೆಂದರೆ, ಆಮೇಲೆ ಯಾವ ವಾರ್ಡೂ ಕಾಪಾಡುವಂತಿರಲಿಲ್ಲ. ಆದರೆ ದೊಡ್ಡ ಸರಣಿಗಳು ಬಂದಾಗ, ಸೋತರೆ ಮನೆಗೆ ಅನ್ನುವ ಪಂದ್ಯಗಳಲ್ಲಿ, ಕೋಚ್‌ಗಳು ನಂಬಿದ್ದು ಆಂಬಿಷನ್‌ನನ್ನು. ಅಭ್ಯಾಸದಲ್ಲಿ ಇಬ್ಬರನ್ನೂ ದಿನಾ ನೋಡಿದವರು ಅವರು.

ಆದರೆ 2018ರಲ್ಲಿ ಆಟವೇ ಬದಲಾಯಿತು. ಸ್ಯಾಮ್‌ಸಂಗ್ 2017ರ ಕೊನೆಯಲ್ಲೇ ತನ್ನ ತಂಡವನ್ನು ಮಾರಿ, ಅದು ಕೆಎಸ್‌ವಿ ಆಗಿ, ಆಮೇಲೆ ಜೆನ್‌ಜಿ ಆಯಿತು. ಆಟಗಾರರು ಅವರೇ. ಆ ವರ್ಷದ ಶುರುವಿನಲ್ಲೇ ಟ್ರ್ಯಾಕರ್ಸ್ ನೈಫ್ ಅನ್ನುವ ಜಂಗಲ್ ಐಟಂ ತೆಗೆದುಹಾಕಿದರು. ಜಂಗ್ಲರ್ ತಾನೇ ಹೆಚ್ಚು ವಾರ್ಡ್ ಇಡಲು ಆಗುತ್ತಿದ್ದದ್ದು ಅದರಿಂದ. ಆಂಬಿಷನ್ ಪಾಲಿಗೆ ಅದು ಕೈಯಲ್ಲಿದ್ದ ಮುಖ್ಯ ಆಯುಧ. ಆಮೇಲೆ ವರ್ಷದ ಮಧ್ಯದಲ್ಲಿ ನದಿಯ ಏಡಿಗೆ ಜಾಸ್ತಿ ಅನುಭವ ಕೊಟ್ಟರು. ಎರಡು ನಿಮಿಷಕ್ಕೇ ಎರಡೂ ಜಂಗ್ಲರ್‌ಗಳು ಅದಕ್ಕಾಗಿ ಕಿತ್ತಾಡಬೇಕಾಯಿತು. ಬಿಟ್ಟುಕೊಟ್ಟವನು ಅಲ್ಲಿಂದಲೇ ಹಿಂದೆ. ಬಾಟಮ್ ಲೇನ್‌ನ ಶೂಟರ್‌ಗಳ ಬಲವನ್ನೂ ಆ ವರ್ಷ ಕಡಿಮೆ ಮಾಡಿದರು. ಕಾಯುವುದಕ್ಕೆ ಬೆಲೆ ಇದ್ದ ಆಟ ಮುಗಿದಿತ್ತು. ಪ್ರೇಕ್ಷಕರಿಗೆ ಬೇಗ ಮುಗಿಯುವ, ಹೊಡೆದಾಟದ ಆಟ ಬೇಕಿತ್ತು. ಕಂಪನಿ ಅದನ್ನೇ ಕೊಟ್ಟಿತು. ಕ್ರೀಡೆಯ ನಿಯಮವನ್ನು ವರ್ಷದಲ್ಲಿ ಹಲವು ಸಲ ಬದಲಾಯಿಸಬಹುದಾದ ಲೋಕ ಇದು. ಒಬ್ಬನ ಇಡೀ ಜಾಣ್ಮೆ ಒಂದು ಪ್ಯಾಚ್‌ನಲ್ಲಿ ಬೆಲೆ ಕಳೆದುಕೊಳ್ಳಬಹುದು. ಬೇರೆ ಕ್ರೀಡೆಗಳಲ್ಲಿ ಆಟಗಾರ ವಯಸ್ಸಾಗಿ ನಿಲ್ಲುತ್ತಾನೆ. ಇಲ್ಲಿ ಅವನ ಕಾಲ ಕೆಳಗಿನ ನೆಲವನ್ನೇ ಬದಲಿಸುತ್ತಾರೆ.

ಇಷ್ಟಾದರೂ ಅವರು ಆ ವರ್ಷವೂ ವರ್ಲ್ಡ್ಸ್‌ಗೆ ಹೋದರು. ಕೊನೆಯ ಜಾಗಕ್ಕಾಗಿ ಎಸ್‌ಕೆಟಿಯನ್ನು 3-2, ಗ್ರಿಫಿನ್‌ನನ್ನು 3-2, ಕಿಂಗ್‌ಜೋನ್‌ನನ್ನು 3-0ರಿಂದ ಸೋಲಿಸಿ. 2016, 2017, 2018, ಮೂರೂ ಸಲ ಈ ಕೊನೆಯ ಬಾಗಿಲಿನಿಂದಲೇ ಒಳಗೆ ಹೋದ ತಂಡ ಇದು. ಪಂದ್ಯ ಉದ್ದವಾದಷ್ಟೂ, ಒತ್ತಡ ಜಾಸ್ತಿಯಾದಷ್ಟೂ ಗಟ್ಟಿಯಾಗುವ ತಂಡ. ಅದು ಕ್ಯಾಪ್ಟನ್‌ನ ಗುಣ ಅಂತ ನಾನು ನಂಬುತ್ತೇನೆ. ಆದರೆ ಆ ಸಲ ವರ್ಲ್ಡ್ಸ್ ಗುಂಪಿನ ಹಂತದಲ್ಲಿ ಆರು ಆಟಗಳಲ್ಲಿ ಒಂದೇ ಗೆಲುವು. ಹಾಲಿ ಚಾಂಪಿಯನ್‌ಗಳು ಕೊರಿಯಾದಲ್ಲೇ, ತಮ್ಮ ಜನರೆದುರೇ ಹೊರಬಿದ್ದರು. ನೋಡಲು ಕಷ್ಟವಾಯಿತು. ಎದುರು ತಂಡಗಳು ಎಲ್ಲ ಕಡೆಯಿಂದ ಒಮ್ಮೆಗೇ ನುಗ್ಗುತ್ತಿದ್ದವು. ಆಂಬಿಷನ್ ಒಂದು ಕಡೆ ಬಾಗಿಲು ಹಾಕುವಷ್ಟರಲ್ಲಿ ಇನ್ನೆರಡು ಕಡೆ ಮುರಿದಿರುತ್ತಿತ್ತು. ಅದು ಅವನ ಕೊನೆಯ ವರ್ಲ್ಡ್ಸ್.

ಆ ಸೋಲನ್ನೇ ಹಿಡಿದು, ನೋಡಿ ಅವನ ರೀತಿಯೇ ತಪ್ಪಾಗಿತ್ತು ಅನ್ನುವವರಿದ್ದಾರೆ. ಒಂದು ವರ್ಷ ಸರಿಯಾಗಿದ್ದು ಮುಂದಿನ ವರ್ಷ ತಪ್ಪಾಗುವುದು ಈ ಆಟದಲ್ಲಿ ಎಲ್ಲರಿಗೂ ಆಗುತ್ತದೆ, ನುಗ್ಗಿ ಆಡುವವರಿಗೂ ಆಗುತ್ತದೆ. ಅವರ ಸೋಲನ್ನು ನಾವು ಫಾರ್ಮ್ ಹೋಯಿತು ಅನ್ನುತ್ತೇವೆ. ನಿಧಾನಕ್ಕೆ ಆಡುವವನು ಸೋತರೆ ಮಾತ್ರ ಅವನ ಇಡೀ ಆಟವೇ ಮೊದಲಿಂದಲೂ ಸುಳ್ಳಾಗಿತ್ತು ಅನ್ನುತ್ತೇವೆ. ಈ ತಾರತಮ್ಯ ನನಗೆ ಒಪ್ಪಿಗೆಯಿಲ್ಲ.

ನೀವು ಅವನ ಆಟ ನೋಡಿಲ್ಲದಿದ್ದರೆ, ಅಥವಾ ನೋಡಿ ಬೇಜಾರಾಗಿ ಬಿಟ್ಟಿದ್ದರೆ, 2017ರ ಫೈನಲ್‌ನಿಂದ ಶುರು ಮಾಡಬೇಡಿ. ಅದರಲ್ಲಿ ಎಲ್ಲರ ಕಣ್ಣೂ ಫೇಕರ್ ಮೇಲೇ ಇರುತ್ತದೆ, ನಿಮ್ಮದೂ ಹೋಗುತ್ತದೆ. ಲಾಂಗ್‌ಜೂ ವಿರುದ್ಧದ ಕ್ವಾರ್ಟರ್‌ಫೈನಲ್ ಹಾಕಿ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಕಜ್ ಎಲ್ಲೆಲ್ಲಿ ಅರ್ಧ ದಾರಿಯಿಂದ ವಾಪಸ್ ತಿರುಗುತ್ತಾನೆ ಅಂತ ಮಿನಿಮ್ಯಾಪ್‌ನಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಒಂದೊಂದು ಸಲವೂ ಅವನು ಯಾಕೆ ತಿರುಗಿದ ಅಂತ ಹುಡುಕಿ. ಆಮೇಲೂ ಬೋರಿಂಗ್ ಅನ್ನಿಸಿದರೆ ಬಂದು ಹೇಳಿ, ನಾನು ಜಗಳಕ್ಕೆ ಸಿದ್ಧ.